ಬೇವಿನ ತಪ್ಪಲು ಕಹಿ ಹತ್ತಿತು, ರಕ್ತ ಮಾತ್ರ ಹೆಪ್ಪುಗಟ್ಟಲಿಲ್ಲ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಹಾವು ಕಡಿದವರು ಬಂದರೆ ನನ್ನ ಪಾಲಿಗೆ ಒಂದು ಕೆಲಸ ಇರುತ್ತದೆ. ಅವರ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ಮುಂಗಾರು ಬಿತ್ತನೆಯಿಂದ ಸುಗ್ಗಿ ಮುಗಿಯುವ ತನಕ ಈ ಕೆಲಸ ಜಾಸ್ತಿ. 2024ರ ಅಕ್ಟೋಬರ್ ಕೊನೆಯ ವಾರ ಒಂದು ರಾತ್ರಿ ಆ ಟ್ಯೂಬಿನಲ್ಲಿದ್ದದ್ದು ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ ರಕ್ತ.

ಆ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ಬರೆಯಲೇ ಎಂದು ಚಿಗವ್ವನನ್ನು ಕೇಳಿದೆ. "ಬರಿ. ಆದ್ರ ನನ್ನ ಹೆಸರು, ಊರಿನ ಹೆಸರು ಹಾಕಬ್ಯಾಡ. ಔಷಧ ಕೊಟ್ಟ ಅಜ್ಜಾರ ಹೆಸರಂತೂ ಬ್ಯಾಡೇ ಬ್ಯಾಡ" ಎಂದಳು. ಅವಳ ಮಾತು ಉಳಿಸಿಕೊಂಡಿದ್ದೇನೆ.

ಆ ಸಂಜೆ

ನಮ್ಮ ಕಾಕಾನ, ಅಂದರೆ ಚಿಗವ್ವನ ಗಂಡನ ಹೊಲ ವರದಾ ನದಿಯ ಕಡೆಯ ಎರೆ ಭೂಮಿ. ಆ ವರ್ಷ ಗೋವಿನಜೋಳ ಹಾಕಿದ್ದರು. ತೆನೆ ಮುರಿದು ಆಗಿತ್ತು. ದಂಟು ಕೊಯ್ದು ನಾಲ್ಕು ದಿನದಿಂದ ಸಾಲಾಗಿ ನೆಲದ ಮೇಲೆ ಒಣಗಲು ಬಿಟ್ಟಿದ್ದರು. ಮೋಡ ಕವಿದಿತ್ತು. ಮಳೆ ಬಂದು ಮೇವು ತೊಯ್ದರೆ ದನಗಳಿಗೆ ಬೇಸಿಗೆಗೆ ಏನೂ ಉಳಿಯದು ಎಂದು ಮನೆಮಂದಿಯೆಲ್ಲ ಸಿವುಡು ಕಟ್ಟಲು ಹೋಗಿದ್ದರು. ಹೊತ್ತು ಮುಳುಗುತ್ತ ಬಂದರೂ ಕೆಲಸ ಬಿಡಲಿಲ್ಲ.

ಹಾಗೆ ನಾಲ್ಕು ದಿನ ಬಿದ್ದ ದಂಟಿನ ಕೆಳಗೆ ಏನಿರುತ್ತದೆ ಎಂದು ಒಮ್ಮೆ ಯೋಚಿಸಿ. ಉದುರಿದ ಕಾಳು ಇರುತ್ತದೆ. ಕಾಳಿಗೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಎರೆ ನೆಲ ಒಣಗಿ ಬಿರುಕು ಬಿಟ್ಟಿದ್ದರೆ ಅಡಗಲು ಜಾಗವೂ ಸಿಕ್ಕಿತು. ಅದರಲ್ಲೂ ಕೊಳಕಮಂಡಲ ಓಡಿ ಹೋಗುವ ಜಾತಿಯದಲ್ಲ. ಬಿದ್ದಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಅದರ ಕಂದು ಮೈ ಒಣ ದಂಟಿನ ಬಣ್ಣದಲ್ಲಿ ಬೆರೆತು ಹೋಗುತ್ತದೆ.

ಚಿಗವ್ವ ಒಂದು ಮಡಿಲು ದಂಟು ಬಾಚಿ ಎತ್ತಿ ಒಂದು ಹೆಜ್ಜೆ ಮುಂದೆ ಇಟ್ಟಳು. ಕಾಲಲ್ಲಿ ಹವಾಯಿ ಚಪ್ಪಲಿ. "ಬುಸ್ ಅಂತ ಕುಕ್ಕರ್ ಹವಾ ಬಿಟ್ಟಂಗ ಕೇಳಿಸ್ತು. ಕೇಳಿಸೂದ್ರಾಗ ಕಡದಿತ್ತು" ಎಂದು ಆಮೇಲೆ ಹೇಳಿದಳು. ಬಲಗಾಲಿನ ಹಿಮ್ಮಡಿಗಿಂತ ಸ್ವಲ್ಪ ಮೇಲೆ, ಹೊರಮೈಯಲ್ಲಿ. ಬೆಂಕಿ ಇಟ್ಟಂತೆ ಉರಿ. ಆಗ ಆರಕ್ಕೆ ಹತ್ತು ನಿಮಿಷ ಕಡಿಮೆ ಇತ್ತು. ಈ ಹೊತ್ತು ನಮಗೆ ಖಚಿತವಾಗಿ ಗೊತ್ತಾಗಿದ್ದು ನನ್ನ ತಂಗಿಯಿಂದ, ಅಂದರೆ ಚಿಗವ್ವನ ಮಗಳಿಂದ. ಹಾವೇರಿಯಲ್ಲಿ ಬಿ.ಎ. ಓದುತ್ತಾಳೆ. ಅವ್ವ ಕಿರುಚಿದ ಕೂಡಲೇ ಅವಳು ಮೊಬೈಲಿನಲ್ಲಿ ಹೊತ್ತು ನೋಡಿಕೊಂಡಿದ್ದಳು. ಎಲ್ಲರೂ ಗಾಬರಿಯಾಗಿದ್ದಾಗ ಅವಳಿಗೆ ಅದು ಹೊಳೆದಿದ್ದು ದೊಡ್ಡ ಮಾತು. ಆಸ್ಪತ್ರೆಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ ಅದು.

ಆಮೇಲೆ ಆದದ್ದನ್ನು ಹಾಗೆ ಹಾಗೇ ಹೇಳುತ್ತೇನೆ. ತಮ್ಮಂದಿರಿಬ್ಬರು ಬಡಿಗೆ ಹಿಡಿದು ಹಾವಿನ ಹಿಂದೆ ಬಿದ್ದರು. ದಂಟು ಎಳೆದಾಡಿ, ಹುಡುಕಿ, ಹೊಡೆದು ಕೊಂದರು. ಅದರಲ್ಲಿ ಹದಿನೈದು ನಿಮಿಷ ಹೋಯಿತು. ಅಷ್ಟೂ ಹೊತ್ತು ಚಿಗವ್ವ ಬದುವಿನ ಮೇಲೆ ಕುಳಿತು ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಮಬ್ಬುಗತ್ತಲಲ್ಲಿ ಹಾಗೆ ಹುಡುಕುವಾಗ ಇನ್ನೊಬ್ಬರಿಗೆ ಕಡಿದಿದ್ದರೆ? ಹಾಗೆ ಎರಡನೆಯವರಿಗೂ ಕಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಕಾಕಾ ಎತ್ತಿನ ಕಣ್ಣಿ ಬಿಚ್ಚಿ ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದ. ಪಕ್ಕದ ಹೊಲದವರೊಬ್ಬರು ಕಡಿದ ಜಾಗ ಕೊಯ್ದು ರಕ್ತ ಹರಿಸಬೇಕು ಎಂದು ಬ್ಲೇಡ್ ತಂದರು. ತಂಗಿ ಅವ್ವನ ಕಾಲಿಗೆ ಅಡ್ಡ ಕುಳಿತುಬಿಟ್ಟಳು. "ನನ್ನ ಕೈ ಕೊಯ್ರಿ ಬೇಕಾರ, ಅವ್ವನ ಕಾಲು ಮುಟ್ಟಬ್ಯಾಡ್ರಿ" ಎಂದಳಂತೆ. ಆ ಒಂದು ಮಾತಿನ ಬೆಲೆ ಏನೆಂದು ನನಗೆ ರಾತ್ರಿ ಎಂಟೂವರೆಗೆ ಗೊತ್ತಾಯಿತು.

ಬೇವಿನ ಪರೀಕ್ಷೆ

ಆರೂಕಾಲಿಗೆ ಚಿಗವ್ವನನ್ನು ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಟರು. ಆದರೆ ಆಸ್ಪತ್ರೆಯ ದಾರಿ ಹಿಡಿಯಲಿಲ್ಲ. ಅದಕ್ಕೆ ಎದುರು ದಿಕ್ಕಿನಲ್ಲಿ ಆರು ಕಿಲೋಮೀಟರ್ ದೂರದ ಊರಲ್ಲಿ ಹಾವಿನ ಔಷಧ ಕೊಡುವ ಒಬ್ಬ ಅಜ್ಜ ಇದ್ದಾರೆ. ಅವರ ಅಪ್ಪ, ಅಜ್ಜ ಎಲ್ಲರೂ ಕೊಟ್ಟವರೇ. ಕೈ ಚಾಚಿ ಒಂದು ರೂಪಾಯಿ ತೆಗೆದುಕೊಂಡವರಲ್ಲ. ಒಂದು ತೆಂಗಿನಕಾಯಿ ಇಟ್ಟು ನಮಸ್ಕಾರ ಮಾಡಿದರೆ ಆಯಿತು. ಅವರನ್ನು ಮೋಸಗಾರರು ಎಂದು ನಾನು ಎಲ್ಲೂ ಹೇಳುವುದಿಲ್ಲ, ಏಕೆಂದರೆ ಅವರು ಮೋಸಗಾರರಲ್ಲ.

ಅವರು ಚಿಗವ್ವನ ಬಾಯಿಗೆ ಬೇವಿನ ತಪ್ಪಲು ಕೊಟ್ಟು ಅಗಿಯಲು ಹೇಳಿದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಬೇವು ಕಹಿ ಹತ್ತಿದರೆ ವಿಷ ಏರಿಲ್ಲ, ಕಹಿ ಹತ್ತದಿದ್ದರೆ ಏರಿದೆ. ಕೆಲವರು ಒಣ ಮೆಣಸಿನಕಾಯಿ ತಿನಿಸಿ ಖಾರ ಹತ್ತುತ್ತದೆಯೇ ಎಂದು ನೋಡುತ್ತಾರೆ. ಚಿಗವ್ವನಿಗೆ ಕಹಿ ಹತ್ತಿತು. ಚೆನ್ನಾಗಿಯೇ ಹತ್ತಿತು. ಅಜ್ಜ ಒಂದು ಬೇರು ತೇಯ್ದು ಹಚ್ಚಿ, "ಏನೂ ಆಗಂಗಿಲ್ಲ, ಆರಾಮ ಮನೀಗೆ ಹೋಗ್ರಿ" ಎಂದು ಕಳಿಸಿದರು. ಏಳು ಗಂಟೆಗೆ ಮನೆಗೆ ಬಂದರು. ಎಲ್ಲರಿಗೂ ಸಮಾಧಾನ. ಚಹಾ ಮಾಡಿದರು.

ಈ ಪರೀಕ್ಷೆ ಇಷ್ಟು ತಲೆಮಾರು ಹೇಗೆ ಉಳಿದು ಬಂತು ಎಂದು ನಾನು ತುಂಬ ಯೋಚಿಸಿದ್ದೇನೆ. ನಮ್ಮ ಹೊಲಗಳಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ. ಕೇರೆ ಹಾವು, ಮಣ್ಣುಮುಕ್ಕ, ನೀರು ಹಾವು ಕಡಿದರೆ ಯಾರೂ ಸಾಯುವುದಿಲ್ಲ. ವಿಷದ ಹಾವು ಕೂಡ ಎಷ್ಟೋ ಸಲ ಹಲ್ಲು ಊರುತ್ತದೆ, ವಿಷ ಬಿಡುವುದಿಲ್ಲ. ಇವರೆಲ್ಲರಿಗೂ ಬೇವು ಕಹಿ ಹತ್ತುತ್ತದೆ. ಇವರೆಲ್ಲರೂ ಬದುಕುತ್ತಾರೆ. ಬದುಕಿದವರು ಊರೆಲ್ಲ ಹೇಳುತ್ತಾರೆ. ಕಹಿ ಹತ್ತಿಯೂ ಸತ್ತವರು ಸತ್ತದ್ದು ಎರಡು ಮೂರು ದಿನ ಬಿಟ್ಟು, ದೂರದ ಊರಿನ ಆಸ್ಪತ್ರೆಯಲ್ಲಿ. ಆ ಸುದ್ದಿ ಅಜ್ಜನ ಕಟ್ಟೆಗೆ ಬರುವುದೇ ಇಲ್ಲ. ಮಂಡಲದ ಹಾವಿನ ವಿಷ ನಾಲಿಗೆಗೆ ಹೋಗಿ ರುಚಿ ಕೆಡಿಸುವುದಿಲ್ಲ. ಅದು ಕೆಲಸ ಮಾಡುವುದು ರಕ್ತದಲ್ಲಿ. ಹಾಗಾಗಿ ಬೇವಿನ ಮಟ್ಟಿಗೆ ಚಿಗವ್ವ ಆರಾಮಾಗಿದ್ದಳು.

ಫೋನ್, ಕಾಲುಂಗುರ

7.10ಕ್ಕೆ ತಂಗಿ ನನಗೆ ಫೋನ್ ಮಾಡಿದಳು. ಮನೆಯವರಿಗೆ ಹೇಳದೆ, ಹಿತ್ತಲಿಗೆ ಹೋಗಿ.

"ಅಣ್ಣಾ, ಅವ್ವಗ ಹಾವು ಕಡದೈತಿ. ಬೇವಿನ ತಪ್ಪಲಾ ಕಹಿ ಹತ್ತೈತಿ, ಏನೂ ಆಗಂಗಿಲ್ಲ ಅಂದಾರ. ಆದ್ರ ಕಡದಲ್ಲೆ ಇನ್ನೂ ರಕ್ತ ಜಿನಗಾಕತ್ತೈತಿ."

ನನ್ನ ಎದೆ ಧಸಕ್ ಎಂದಿತು. ಒಂದು ಗಂಟೆ ಇಪ್ಪತ್ತು ನಿಮಿಷ ಆದರೂ ಸೂಜಿ ಚುಚ್ಚಿದಷ್ಟು ಸಣ್ಣ ಗಾಯದಿಂದ ರಕ್ತ ನಿಂತಿಲ್ಲ ಎಂದರೆ ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಬೇರೆ ವಿವರಣೆ ಬೇಕಿಲ್ಲ. ರೆಪ್ಪೆ ಜೋತು ಬಿದ್ದಿವೆಯೇ, ಮಾತು ತೊದಲುತ್ತಿದೆಯೇ, ಉಸಿರಾಟ ಹೇಗಿದೆ ಎಂದು ಕೇಳಿದೆ. ನಾಗರ ಹಾವು, ಕಟ್ಟು ಹಾವು ಕಡಿದಿದ್ದರೆ ಮೊದಲು ಅಲ್ಲಿ ತೋರುತ್ತದೆ. ಅದೇನೂ ಇರಲಿಲ್ಲ.

108ಕ್ಕೆ ಫೋನ್ ಮಾಡಿ ಕಾಯುವುದೋ, ಸಿಕ್ಕ ಗಾಡಿಯಲ್ಲಿ ಹೊರಡುವುದೋ? ಓಣಿಯಲ್ಲೇ ಒಂದು ಟಂಟಂ ಆಟೋ ನಿಂತಿತ್ತು. ಹೊರಡಿ ಎಂದೆ. ಆಂಬುಲೆನ್ಸ್ ಹತ್ತಿರ ಇದ್ದರೆ ಅದೇ ಒಳ್ಳೆಯದು, ದಾರಿಯಲ್ಲಿ ಉಸಿರು ಕಟ್ಟಿದರೆ ನೋಡಿಕೊಳ್ಳಲು ಜನ ಇರುತ್ತಾರೆ. ಆದರೆ ಬಾಗಿಲ ಮುಂದೆ ಗಾಡಿ ಇದ್ದಾಗ ದೂರದ ಗಾಡಿಗೆ ಕಾಯಬಾರದು.

ನಡೆಸಬೇಡಿ, ಎತ್ತಿಕೊಂಡು ಹೋಗಿ ಮಲಗಿಸಿ ಎಂದೆ. ಕಾಲು ಮುರಿದವರಿಗೆ ಕಟ್ಟುವಂತೆ ಒಂದು ಬಡಿಗೆ ಇಟ್ಟು ಟವೆಲಿನಿಂದ ಸಡಿಲವಾಗಿ ಕಟ್ಟಲು ಹೇಳಿದೆ. ಕಾಲು ಅಲುಗಿದಷ್ಟೂ ವಿಷ ಬೇಗ ಹರಡುತ್ತದೆ. ಬೈಕಿನ ಮೇಲೆ ಕಾಲು ಜೋತುಬಿಟ್ಟು ಹನ್ನೆರಡು ಕಿಲೋಮೀಟರ್ ತಿರುಗಿಸಿ ಆಗಿತ್ತು, ಅದಕ್ಕೇನು ಮಾಡುವುದು. ಕಣ್ಣಿಯನ್ನು ದಾರಿಯಲ್ಲಿ ಬಿಚ್ಚಬೇಡಿ ಎಂದೆ. ಕಟ್ಟಲೇಬಾರದಿತ್ತು. ಮಂಡಲದ ವಿಷವನ್ನು ಒಂದೇ ಕಡೆ ಬಂಧಿಸಿದರೆ ಅಲ್ಲಿಯ ಮಾಂಸ ಕೊಳೆಯುತ್ತದೆ. ಆದರೆ ಒಮ್ಮೆ ಬಿಗಿದದ್ದನ್ನು ಔಷಧ ಸಿದ್ಧವಿಲ್ಲದ ಕಡೆ ಥಟ್ಟನೆ ಬಿಚ್ಚಿದರೆ ತಡೆದಿದ್ದ ವಿಷ ಒಮ್ಮೆಲೇ ಮೇಲೆ ನುಗ್ಗುತ್ತದೆ.

ಕೊನೆಗೆ ಕಾಲುಂಗುರ ತೆಗೆಯಲು ಹೇಳಿದೆ. ಪಾದ ಬಾತರೆ ಬೆಳ್ಳಿಯ ಆ ಸುತ್ತೇ ಬೆರಳನ್ನು ಹಿಸುಕಿ ಕೊಲ್ಲುತ್ತದೆ. ಫೋನಿನಲ್ಲಿ ಚಿಗವ್ವನ ದನಿ ಕೇಳಿಸಿತು. "ನಿಮ್ಮ ಕಾಕಾ ಗಟ್ಟಿಮುಟ್ಟಾಗಿ ಮುಂದ ಕುಂತಾನ. ಹೆಂಗ ತಗೀಲಿ?" ಅಷ್ಟು ಹೊತ್ತು ಅಳುತ್ತಿದ್ದವಳು ಆ ಮಾತಿಗೆ ಮಾತ್ರ ಗಟ್ಟಿಯಾದಳು. ಕಾಕಾನೇ "ನಾನ ಹೇಳಾಕತ್ತೀನಿ, ತಗಿ" ಎಂದ ಮೇಲೆ ಒಂದನ್ನು ಸೋಪು ಹಚ್ಚಿ ತೆಗೆದರು. ಎರಡನೆಯದು ಬರಲಿಲ್ಲ. ಬೆರಳು ಆಗಲೇ ಬಾತಿತ್ತು. ಅದನ್ನು ಆಸ್ಪತ್ರೆಯಲ್ಲಿ ಕತ್ತರಿಸಿದೆವು. ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಮನೆಯವರು ಇದೊಂದನ್ನು ನೆನಪಿಡಬೇಕು ಎಂದು ನನಗೆ ಬಹಳ ಅನಿಸುತ್ತದೆ. ಕಡಿದದ್ದು ಕಾಲಿಗಾದರೆ ಕಾಲುಂಗುರ ಮತ್ತು ಗೆಜ್ಜೆ, ಕೈಗಾದರೆ ಬಳೆ ಮತ್ತು ಉಂಗುರ. ಅಲ್ಲೇ, ಆಗಲೇ ತೆಗೆಯಬೇಕು.

ಗಾಜಿನ ಪರೀಕ್ಷೆ

7.55ಕ್ಕೆ ಟಂಟಂ ಆಸ್ಪತ್ರೆಗೆ ಬಂತು. ತಮ್ಮಂದಿರು ಯೂರಿಯಾ ಚೀಲದಲ್ಲಿ ಸತ್ತ ಹಾವನ್ನೂ ತಂದಿದ್ದರು. ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ಮುಕ್ಕೋನದ ತಲೆ. ಕೊಳಕಮಂಡಲವೇ. ಹಾವು ತರುವುದು ಬೇಕಿರಲಿಲ್ಲ. ನಾಗರ, ಕಟ್ಟು ಹಾವು, ಕೊಳಕಮಂಡಲ, ಗದಗದ ಕಡೆ ಕಲ್ಲು ಕುರುಚಲು ನೆಲದಲ್ಲಿ ಸಿಗುವ ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿರುವುದು ಒಂದೇ ಔಷಧ. ದೂರದಿಂದ ಒಂದು ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಸತ್ತ ಹಾವಿನ ತಲೆಗೂ ಸ್ವಲ್ಪ ಹೊತ್ತು ಕಚ್ಚುವ ಶಕ್ತಿ ಇರುತ್ತದೆ. ಆ ಚೀಲ ತಮ್ಮನ ಮಡಿಲಲ್ಲಿತ್ತು!

ಕರ್ತವ್ಯದಲ್ಲಿದ್ದ ಡಾಕ್ಟರ್ ಮೇಡಮ್ ನೋಡಿದರು. ಬಿ.ಪಿ. 110/70. ನಾಡಿ 104. ಮಾತು ಸ್ಪಷ್ಟ. ರೆಪ್ಪೆ ಸರಿ. ಪಾದದಿಂದ ಗೆಣ್ಣಿನವರೆಗೆ ಬಾವು. ಚಿಗವ್ವ "ಇನ್ನೊಂದ್ ಕಪ್ ಚಾ ಕೊಡಸ್ತೀಯೇನು" ಎಂದು ನನ್ನನ್ನು ಕೇಳಿದಳು. ಕಾಕಾ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದ. "ನೋಡು, ಆರಾಮ ಅದಾಳ. ಅಜ್ಜಾರ ಔಷಧ ಹತ್ತೈತಿ. ಸುಮ್ನ ಯಾಕ ಇಲ್ಲಿ ಇರಬೇಕು?"

ನಾನು ವಾದ ಮಾಡಲಿಲ್ಲ. "ಕಾಕಾ, ಇಪ್ಪತ್ತು ನಿಮಿಷ ನನ್ನ ಜೋಡಿ ನಿಂದ್ರು" ಎಂದೆ.

8.05ಕ್ಕೆ ಎರಡು ಎಂ.ಎಲ್. ರಕ್ತ ಹೊಸ ಗಾಜಿನ ಟ್ಯೂಬಿಗೆ ಹಾಕಿದೆ. ಪ್ಲಾಸ್ಟಿಕ್ ಟ್ಯೂಬ್ ಇದಕ್ಕೆ ನಡೆಯುವುದಿಲ್ಲ. ಗಾಜು ತಾಗಿದಾಗಲೇ ರಕ್ತಕ್ಕೆ ಹೆಪ್ಪಾಗುವ ಚಾಲನೆ ಸಿಗುವುದು. ಸೋಪು ಹಾಕಿ ತೊಳೆದ ಹಳೇ ಟ್ಯೂಬೂ ನಡೆಯುವುದಿಲ್ಲ. ಸೋಪಿನ ಅಂಶ ಉಳಿದಿದ್ದರೆ ಒಳ್ಳೆಯ ರಕ್ತವೂ ಹೆಪ್ಪಾಗದೆ ಸುಳ್ಳು ಹೇಳುತ್ತದೆ. ಆಮೇಲೆ ನಾನು ಸಾಮಾನ್ಯವಾಗಿ ಮಾಡದ ಒಂದು ಕೆಲಸ ಮಾಡಿದೆ. ಸಿಸ್ಟರ್‌ಗೆ ಹೇಳಿ ನನ್ನ ರಕ್ತ ತೆಗೆಸಿ ಇನ್ನೊಂದು ಟ್ಯೂಬಿಗೆ ಹಾಕಿ ಪಕ್ಕದಲ್ಲಿ ಇಟ್ಟೆ. ಇದರಿಂದ ಟ್ಯೂಬ್ ಸರಿ ಇದೆಯೇ ಎಂಬುದೂ ಗೊತ್ತಾಗುತ್ತದೆ. ಆದರೆ ನಿಜ ಹೇಳಬೇಕೆಂದರೆ ಅದು ಕಾಕಾನಿಗಾಗಿ.

ಆ 20 ನಿಮಿಷ ಟ್ಯೂಬ್ ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ. ಗೋಡೆ ಗಡಿಯಾರ ನೋಡುತ್ತ ಇಬ್ಬರೂ ನಿಂತೆವು. ಕಾಕಾ ಒಂದು ಮಾತೂ ಆಡಲಿಲ್ಲ.

8.25ಕ್ಕೆ ಮೊದಲು ನನ್ನ ಟ್ಯೂಬ್ ಓರೆ ಮಾಡಿದೆ. ರಕ್ತ ಗಡಿಗೆಯ ಮೊಸರಿನ ಹಾಗೆ ಕದಲದೆ ನಿಂತಿತು. ಆಮೇಲೆ ಚಿಗವ್ವನದು. ನೀರಿನ ಹಾಗೆ ಹರಿದು ಟ್ಯೂಬಿನ ಬಾಯಿಗೆ ಬಂತು. ಕಾಕಾ ಎರಡನ್ನೂ ಇನ್ನೊಮ್ಮೆ ತೋರಿಸು ಎಂದ. ತೋರಿಸಿದೆ. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟ.

ಕೊಳಕಮಂಡಲದ ವಿಷ ರಕ್ತವನ್ನು ತೆಳುವಾಗಿಸುತ್ತದೆ ಎಂದು ಜನ ಹೇಳುತ್ತಾರೆ. ಆಗುವುದು ಅದರ ಉಲ್ಟಾ. ಹೆಪ್ಪುಗಟ್ಟಿಸುವ ಸರಪಳಿಯಲ್ಲಿ ಫ್ಯಾಕ್ಟರ್ 10, ಫ್ಯಾಕ್ಟರ್ 5 ಎಂಬ ಕೊಂಡಿಗಳಿವೆ. ವಿಷ ಅವನ್ನು ಕೆರಳಿಸುತ್ತದೆ. ಬೇಡದ ಕಡೆಯೆಲ್ಲ ಸಣ್ಣಗೆ ಹೆಪ್ಪಾಗುತ್ತ ಹೋಗಿ, ಹೆಪ್ಪಿಗೆ ಬೇಕಾದ ಸಾಮಾನೆಲ್ಲ ಖರ್ಚಾಗಿ ಬಿಡುತ್ತದೆ. ಬೇಕಾದ ಕಡೆ ಕಟ್ಟಲು ಏನೂ ಉಳಿಯುವುದಿಲ್ಲ. ಈ ಗುಣ ಎಷ್ಟು ನಿಖರ ಎಂದರೆ ದೊಡ್ಡ ಲ್ಯಾಬ್‌ಗಳಲ್ಲಿ ಇದೇ ಹಾವಿನ ವಿಷವನ್ನು ಹನಿ ಲೆಕ್ಕದಲ್ಲಿ ಬಳಸಿ ಬೇರೆ ರಕ್ತದ ಕಾಯಿಲೆ ಪತ್ತೆ ಮಾಡುತ್ತಾರೆ. ಚಿಗವ್ವನ ಕಾಲಿಗೆ ಬ್ಲೇಡ್ ಹಾಕಿದ್ದರೆ ಆ ಗಾಯ ನಿಲ್ಲುತ್ತಲೇ ಇರಲಿಲ್ಲ. ತಂಗಿ ಅಡ್ಡ ಕುಳಿತದ್ದು ಅದಕ್ಕೆ.

ಹತ್ತು ಬಾಟಲಿ

ಹಾವಿನ ವಿಷಕ್ಕೆ ಕೊಡುವ ಆ ಔಷಧ, ಆ್ಯಂಟಿವೆನಮ್, ನಮ್ಮಲ್ಲಿಗೆ ಬರುವುದು ಒಣ ಪುಡಿಯಾಗಿ, ಸಣ್ಣ ಗಾಜಿನ ಬಾಟಲಿಯಲ್ಲಿ. ಒಂದೊಂದಕ್ಕೂ ಹತ್ತು ಎಂ.ಎಲ್. ನೀರು ಹಾಕಿ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಮೊದಲ ಸರದಿಗೆ ಹತ್ತು ಬಾಟಲಿ. ಚಿಕ್ಕ ಮಗುವಿಗೂ ಇಷ್ಟೇ, ಏಕೆಂದರೆ ಹಾವು ಮಗು ಎಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲ. ಇಬ್ಬರು ಸಿಸ್ಟರ್‌ಗಳ ಜೊತೆ ನಾನೂ ಕೈ ಹಾಕಿದೆ. 8.40ಕ್ಕೆ ಡ್ರಿಪ್ ಶುರುವಾಯಿತು. ಅದು ಹರಿಯತೊಡಗಿದ ಮೇಲೆ ಮೇಡಮ್ ಕಣ್ಣಿಯನ್ನು ನಿಧಾನವಾಗಿ ಸಡಿಲಿಸಿದರು.

ಆ ಪುಡಿ ಎಲ್ಲಿಂದ ಬರುತ್ತದೆ ಎಂದು ಬಹಳ ಜನರಿಗೆ ಗೊತ್ತಿಲ್ಲ. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತ ಅದಕ್ಕೆ ಎದುರು ನಿಲ್ಲುವ ಪ್ರತಿಕಾಯ ಮಾಡಿಕೊಳ್ಳುತ್ತದೆ. ಅದನ್ನು ಬೇರ್ಪಡಿಸಿ ಒಣಗಿಸುತ್ತಾರೆ. ವಿಷದ ದೊಡ್ಡ ಪಾಲು ಚೆನ್ನೈ ಹತ್ತಿರ ವಡನೆಮ್ಮೇಲಿಯಲ್ಲಿರುವ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಹಾವಿನ ತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನಿಂದ ಶುರುವಾದದ್ದು. ಅಲ್ಲಿ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಲೆಮಾರಿನಿಂದ ಬಂದ ಹಾವಿನ ತಿಳುವಳಿಕೆ ಎಂದರೆ ನನಗೆ ಗೌರವ ಇದೆ ಎನ್ನುವುದು ಇದಕ್ಕೇ. ಚಿಗವ್ವನ ಕೈಯ ನರದಲ್ಲಿ ಹನಿ ಹನಿಯಾಗಿ ಇಳಿಯುತ್ತಿದ್ದದ್ದರಲ್ಲಿ ಅಂಥವರ ಕೈಚಳಕವೂ ಇತ್ತು.

ಕಾಲು ಗಂಟೆಯಲ್ಲಿ ಚಿಗವ್ವ ಮೈ ಕೆರೆದುಕೊಳ್ಳತೊಡಗಿದಳು. ಎದೆ, ಕುತ್ತಿಗೆ ಮೇಲೆ ಗಂಧೆ ಎದ್ದವು. ಕೆಮ್ಮು ಬಂತು, ಬಿ.ಪಿ. ಇಳಿಯಿತು. ತಮ್ಮ ಕೂಗಾಡಿದ, "ಆರಾಮ ಇದ್ದಾಕಿಗೆ ಇವರ ಔಷಧ ಕೊಟ್ಟು ಕೆಡಿಸಿದ್ರು" ಎಂದ. ಅವನ ತಪ್ಪಲ್ಲ, ನೋಡಿದರೆ ಹಾಗೇ ಅನಿಸುತ್ತದೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ. ಮೊದಲೇ ಚರ್ಮಕ್ಕೆ ಚುಚ್ಚಿ ಪರೀಕ್ಷೆ ಮಾಡಿದರೂ ಯಾರಿಗೆ ಹೀಗಾಗುತ್ತದೆ ಎಂದು ತಿಳಿಯುವುದಿಲ್ಲ, ಅದಕ್ಕೇ ಆ ಪರೀಕ್ಷೆಯನ್ನು ಮಾಡುವುದಿಲ್ಲ. ಮೇಡಮ್ ಡ್ರಿಪ್ ನಿಲ್ಲಿಸಿ, ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟುಕೊಂಡಿದ್ದ ಅಡ್ರಿನಲಿನ್ ಅರ್ಧ ಎಂ.ಎಲ್. ತೊಡೆಗೆ ಕೊಟ್ಟರು. ಹತ್ತು ನಿಮಿಷದಲ್ಲಿ ಉಸಿರು ಸರಿಯಾಯಿತು. ಡ್ರಿಪ್ ಮತ್ತೆ ಶುರು, ಈ ಸಲ ನಿಧಾನವಾಗಿ.

ಈ ಪ್ರತಿಕ್ರಿಯೆಗೆ ಹೆದರಿ ಒಂದು ಬಾಟಲಿಯನ್ನೂ ಹಾಕದೆ ರೋಗಿಯನ್ನು ದೂರದ ಊರಿಗೆ ಕಳಿಸಿಬಿಡುವ ಕಡೆಗಳೂ ಇವೆ. ಹಾಗೆ ಬಂದವರ ರಕ್ತವನ್ನು ನಾನು ಟ್ಯೂಬಿಗೆ ಹಾಕಿದ್ದೇನೆ. ಅಡ್ರಿನಲಿನ್ ಕೈಯಲ್ಲಿದ್ದರೆ ಹೆದರಿಕೆ ಹತ್ತು ನಿಮಿಷದ್ದು. ಹರಿಯುವ ವಿಷದ ಹೆದರಿಕೆ ಹಾಗಲ್ಲ.

ನೋವಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಮೈಕೈ ನೋವಿಗೆ ಅಂಗಡಿಯಲ್ಲಿ ತಂದು ನುಂಗುವ ಬೇರೆ ಗುಳಿಗೆಗಳು ರಕ್ತಸ್ರಾವ ಹೆಚ್ಚಿಸುತ್ತವೆ, ಕಿಡ್ನಿಗೂ ಕೆಡಕು.

ಮೂರು ಟ್ಯೂಬು, ಆಮೇಲೆ ಹುಬ್ಬಳ್ಳಿ

ಔಷಧ ವಿಷವನ್ನು ಕಟ್ಟಿಹಾಕಿದರೂ ಖರ್ಚಾದ ಸಾಮಾನನ್ನು ಲಿವರ್ ಹೊಸದಾಗಿ ಮಾಡಬೇಕು. ಅದಕ್ಕೆ ಸುಮಾರು ಆರು ಗಂಟೆ ಬೇಕು. ಹಾಗಾಗಿ ಎರಡನೇ ಟ್ಯೂಬ್ ಇಟ್ಟದ್ದು ರಾತ್ರಿ 2.40ಕ್ಕೆ. ಮೂರು ಗಂಟೆಗೆ ಓರೆ ಮಾಡಿದೆ. ಇನ್ನೂ ಹರಿಯಿತು. ಒಸಡಿನಲ್ಲೂ ರಕ್ತ ಕಾಣಿಸಿಕೊಂಡಿತ್ತು. ಮತ್ತೆ ಹತ್ತು ಬಾಟಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೂರನೇ ಟ್ಯೂಬ್ ನಿಂತಿತು. ತಂಗಿಯನ್ನು ಕರೆದು ಅವಳ ಕೈಯಿಂದಲೇ ಓರೆ ಮಾಡಿಸಿದೆ.

ಅಲ್ಲಿಗೆ ಮುಗಿಯಲಿಲ್ಲ. ಚಿಗವ್ವನಿಗೆ ರಾತ್ರಿಯಿಂದ ಮೂತ್ರ ಕಡಿಮೆ ಬರುತ್ತಿತ್ತು, ಚಹಾ ಬಣ್ಣದ್ದು. ಎರಡನೇ ದಿನ ರಕ್ತದಲ್ಲಿ ಕ್ರಿಯಾಟಿನಿನ್ 2.6 ಬಂತು. ಈ ಅಂಕಿ ಏರಿದರೆ ಕಿಡ್ನಿ ಕೆಲಸ ಕಡಿಮೆಯಾಗಿದೆ ಎಂದು ಅರ್ಥ. ಮೂರನೇ ದಿನ 4.1. ಕೊಳಕಮಂಡಲ ಕಿಡ್ನಿಗೆ ಹೊಡೆಯುವುದು ಹೀಗೆ, ಎಲ್ಲ ಸರಿಹೋಯಿತು ಎನ್ನುವಾಗ. 75 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ, ಕಿಮ್ಸ್ ಆಸ್ಪತ್ರೆಗೆ ಕರೆದೊಯ್ದೆವು. ಮೂರು ಸಲ ಡಯಾಲಿಸಿಸ್ ಆಯಿತು. ಹನ್ನೆರಡನೇ ದಿನ ಮೂತ್ರ ಚೆನ್ನಾಗಿ ಬರತೊಡಗಿತು. ಪಾದದ ಮೇಲೆ ಕಪ್ಪಾದ ಚರ್ಮ ತೆಗೆದು ದಿನಾ ಡ್ರೆಸ್ಸಿಂಗ್ ಮಾಡಿದರು. ಆರು ವಾರ ಬಿಟ್ಟು ನೋಡಿದಾಗ ಕ್ರಿಯಾಟಿನಿನ್ 1.1 ಇತ್ತು. ಈಗ ನಡೆಯುತ್ತಾಳೆ. ಚಳಿಗೆ ಆ ಗೆಣ್ಣು ಜೋಮು ಹಿಡಿಯುತ್ತದೆ.

ಲೆಕ್ಕ

ಕಡಿದದ್ದು 5.50ಕ್ಕೆ, ಔಷಧ ಹತ್ತಿದ್ದು 8.40ಕ್ಕೆ. 170 ನಿಮಿಷ. ಇದರಲ್ಲಿ ರಸ್ತೆ, ಡಾಕ್ಟರ್ ನೋಡಿದ್ದು, ಟ್ಯೂಬು, ಪುಡಿ ಕರಗಿಸಿದ್ದು ಸೇರಿ 80 ನಿಮಿಷ. ಅದು ಬೇಕೇ ಬೇಕಿತ್ತು. ಉಳಿದ 90 ನಿಮಿಷ ಹೋದದ್ದು ಹಾವು ಹೊಡೆಯುವುದರಲ್ಲಿ, ಕಣ್ಣಿ ಮತ್ತು ಬ್ಲೇಡಿನ ಜಗಳದಲ್ಲಿ, ಬೇವಿನ ತಪ್ಪಲಿನಲ್ಲಿ, ಒಂದು ಚಹಾದಲ್ಲಿ, ಗಾಡಿಗೆ ಹತ್ತಿಸುವುದರಲ್ಲಿ. ಅದರಲ್ಲಿ ಅರ್ಧ, 45 ನಿಮಿಷ, ಅಜ್ಜನ ಮನೆಗೆ ಹೋಗಿ ಬಂದದ್ದು. ಆ್ಯಂಟಿವೆನಮ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ. ಕಿಡ್ನಿಗೆ, ಚರ್ಮಕ್ಕೆ ಆಗಿ ಹೋದ ಹಾನಿಯನ್ನು ತಿರುಗಿಸುವುದಿಲ್ಲ. ಚಿಗವ್ವನ ಡಯಾಲಿಸಿಸ್‌ನ ಹಿಂದೆ ಈ 90 ನಿಮಿಷ ಇದೆ ಎಂದೇ ನಾನು ನೋಡುತ್ತೇನೆ.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೆಚ್ಚಿನವರು ಹಳ್ಳಿಯವರು. ಅವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಬಾಗಿಲು ಕಾಣದೆ ಹೋದವರು, ಅದಕ್ಕೇ ಆಸ್ಪತ್ರೆ ಪುಸ್ತಕಗಳಲ್ಲಿ ಅವರಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಬಂದ ಪ್ರತಿ ಪ್ರಕರಣವೂ ಲೆಕ್ಕಕ್ಕೆ ಬರಬೇಕು. ಚಿಗವ್ವನ ಹೆಸರೂ ಆ ಫಾರಮ್ಮಿನಲ್ಲಿದೆ. ನಾನು ಆ ಪುಸ್ತಕವನ್ನು ನೋಡುವಾಗಲೆಲ್ಲ ಅದರಲ್ಲಿ ಇಲ್ಲದವರನ್ನು ನೆನೆಯುತ್ತೇನೆ.

ಕಾಕಾ ಈಗ ದಂಟು ನೆಲಕ್ಕೆ ಹಾಕಿ ನಾಲ್ಕು ದಿನ ಬಿಡುವುದಿಲ್ಲ. ಎತ್ತುವ ಮೊದಲು ಉದ್ದ ಬಡಿಗೆಯಿಂದ ಬಡಿದು, ಮಗುಚಿ, ಆಮೇಲೆ ಕೈ ಹಾಕುತ್ತಾರೆ. ಹೊತ್ತು ಮುಳುಗಿದ ಮೇಲೆ ಸಿವುಡು ಮುಟ್ಟುವುದಿಲ್ಲ. ಚಿಗವ್ವನಿಗೆ ಗಂಬೂಟು ತರಲು ಹೋದಾಗ ಹೆಣ್ಣುಮಕ್ಕಳ ಅಳತೆಯದು ಮೂರು ಅಂಗಡಿ ತಿರುಗಿದರೂ ಸಿಗಲಿಲ್ಲ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ಬೂಟು ಮಾತ್ರ ಗಂಡಸರ ಅಳತೆಯದು. ಇದು ಸರಿಯಲ್ಲ ಅಲ್ವಾ? ಕೊನೆಗೆ ಸಿಕ್ಕದ್ದರಲ್ಲೇ ಚಿಕ್ಕದು ತಂದು, ಒಳಗೆ ಎರಡು ಜೊತೆ ಸಾಕ್ಸ್ ಹಾಕಿಕೊಂಡು ಹೋಗುತ್ತಾಳೆ.

ಅಜ್ಜ

ಚಿಗವ್ವ ಹುಬ್ಬಳ್ಳಿಯಿಂದ ಬಂದ ಮೇಲೆ ನಾನು ಅಜ್ಜನ ಊರಿಗೆ ಹೋದೆ. ಜಗಳಕ್ಕಲ್ಲ. ಎರಡು ಗಾಜಿನ ಟ್ಯೂಬ್ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಆ ರಾತ್ರಿ ಆದದ್ದನ್ನೆಲ್ಲ ಹೇಳಿದೆ. ಅವರು ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಹಿ ಹತ್ತಿದವರನ್ನ ನಾ ಮನೀಗೆ ಕಳಸ್ತಿದ್ನಿ" ಎಂದರು. "ಮುಂದ ಅವರು ಏನಾದ್ರು ಅಂತ ನಾ ಯಾರನ್ನೂ ಕೇಳಿಲ್ಲ ನೋಡು."

"ನಿಮ್ಮ ಮ್ಯಾಲೆ ಮಂದಿಗೆ ನಂಬಿಕಿ ಐತ್ರಿ ಅಜ್ಜಾರ. ನಾ ಹೇಳಿದ್ರ ಬರಂಗಿಲ್ಲ, ನೀವು ಹೇಳಿದ್ರ ಬರ್ತಾರ" ಎಂದೆ. ಅವರು ಏನೂ ಉತ್ತರ ಕೊಡಲಿಲ್ಲ. ಒಂದು ಟ್ಯೂಬ್ ಇಟ್ಟುಕೊಂಡರು. ನನ್ನ ನಂಬರನ್ನು ಮೊಮ್ಮಗನ ಕೈಯಲ್ಲಿ ಗೋಡೆಯ ಮೇಲೆ ಬರೆಸಿದರು.

ಮುಂದಿನ ಮಳೆಗಾಲ, ಪಂಚಮಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಸಂಜೆ ಅವರ ಮೊಮ್ಮಗನ ಫೋನಿನಿಂದ ಕರೆ ಬಂತು.

"ಒಬ್ಬ ಹುಡುಗನ್ನ ಕಳಿಸೀನಿ. ಶೇಂಗಾ ಹೊಲದಾಗ ಕಡದೈತಿ, ಹಾವು ನೋಡಿಲ್ಲ. ಬೇವು ತಿನ್ಸಿಲ್ಲ. ಹಗ್ಗಾನೂ ಬಿಗದಿಲ್ಲ. ತಲಿ ಮ್ಯಾಲೆ ಕೈ ಇಟ್ಟು ಕಳಿಸೀನಿ, ಅಷ್ಟ. ನಿನ್ನ ಕೊಳವಿ ತಯಾರ ಇಡು."

ಕಡಿದ 50 ನಿಮಿಷಕ್ಕೆ ಹುಡುಗ ಆಸ್ಪತ್ರೆಯಲ್ಲಿದ್ದ. ಟ್ಯೂಬ್ ನಿಂತಿತು. ಆದರೂ 24 ಗಂಟೆ ಬಿಡಲಿಲ್ಲ, ಮತ್ತೆ ಮತ್ತೆ ರಕ್ತ ತೆಗೆದು ನೋಡಿದೆವು. ಪ್ರತಿ ಸಲವೂ ನಿಂತಿತು. ರಾತ್ರಿ ಹತ್ತಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ ಅಜ್ಜ ಫೋನ್ ಮಾಡಿದರು. ಎರಡು ಸಲವೂ ಕೇಳಿದ್ದು ಒಂದೇ ಮಾತು.

"ಹೆಪ್ಪಾತೇನು?"

"ಆತ್ರಿ ಅಜ್ಜಾರ."